ಬಿಲ್ಲಿಂಗ್ ಕೌಂಟರಿನಲ್ಲಿ ಹತ್ತು ತಾಸು ನಿಲ್ಲುವ ಕಾಲಿಗೆ ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ವಯಸ್ಸು 27. ಊರು ದಾವಣಗೆರೆ ಹತ್ತಿರ, ಇಲ್ಲಿ ಪಿ.ಜಿ.ಯಲ್ಲಿದ್ದೇನೆ. ಬೆಳಿಗ್ಗೆ 11ರಿಂದ ರಾತ್ರಿ 9ರವರೆಗೆ ಡ್ಯೂಟಿ. ಮಧ್ಯೆ ಅರ್ಧ ಗಂಟೆ ಊಟ, ಉಳಿದಂತೆ ನಿಂತೇ ಇರಬೇಕು, ಕುರ್ಚಿ ಇಲ್ಲ. ಸಂಜೆ ಆರರ ಹೊತ್ತಿಗೆ ಪಾದ ಊದಿ ಸಾಕ್ಸ್‌ನ ಗುರುತು ಕಾಲಿಗೆ ಕಚ್ಚಿಕೊಂಡಿರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಬಲಗಾಲಿನ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಕಿರುಬೆರಳ ಸಂದಿಯಲ್ಲಿ ತುರಿಕೆ, ಶೂ ಬಿಚ್ಚಿದರೆ ವಾಸನೆ. ರೂಮಿನಲ್ಲಿ ಇನ್ನಿಬ್ಬರಿದ್ದಾರೆ, ನಾಚಿಕೆಯಾಗುತ್ತದೆ. ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಅಮ್ಮನ ಕಾಲಿನಲ್ಲಿ ನರ ಉಬ್ಬಿವೆ, ‘ನಿನಗೂ ಹಾಗೇ ಆಗುತ್ತೆ, ಕೆಲಸ ಬಿಟ್ಟು ಬಾ’ ಎನ್ನುತ್ತಾಳೆ. ಕೆಲಸ ಬಿಡುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ನೀವು ಬರೆದಿರುವುದು ಒಂದು ಕಾಯಿಲೆಯ ವಿಷಯವಲ್ಲ, ಮೂರರ ವಿಷಯ. ಊತ, ಹಿಮ್ಮಡಿ ನೋವು, ಬೆರಳ ಸಂದಿಯ ತುರಿಕೆ ಒಂದೇ ಕೆಲಸದಿಂದ ಬಂದವು. ಆದರೆ ಮೂರರ ಕಾರಣ ಬೇರೆ, ಉಪಾಯವೂ ಬೇರೆ. ಮೂರಕ್ಕೂ ಒಂದೇ ಮದ್ದು ಅಂತ ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು ಕೂತರೆ ಒಂದು ಗಂಟೆ ಹಾಯೆನಿಸುತ್ತದೆ, ಮರುದಿನ ಎಲ್ಲವೂ ಇದ್ದಲ್ಲೇ ಇರುತ್ತದೆ. ನೀರು ತುಂಬ ಬಿಸಿಯಾಗಿದ್ದರೆ ರಕ್ತನಾಳ ಹಿಗ್ಗಿ ಊತ ಇನ್ನೂ ಹೆಚ್ಚುತ್ತದೆ. ಬೆರಳ ಸಂದಿ ಒದ್ದೆಯಾಗಿ ತುರಿಕೆಗೂ ಅನುಕೂಲವಾಗುತ್ತದೆ.

ಮೊದಲು ಊತ. ಕಾಲಿಗೆ ಇಳಿದ ರಕ್ತ ಮತ್ತೆ ಎದೆಯ ಕಡೆಗೆ ಏರಬೇಕು. ಅದನ್ನು ಮೇಲೆತ್ತುವ ಪಂಪು ಮೀನಖಂಡ. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಅಲ್ಲಾಡದೆ ನಿಂತಾಗ ಪಂಪು ನಿಂತುಹೋಗುತ್ತದೆ. ಆಗ ಕಣಕಾಲಿನ ಹತ್ತಿರ ಅಭಿಧಮನಿಯ ಒತ್ತಡ 80ರಿಂದ 90 ಮಿ.ಮೀ. ಪಾದರಸದಷ್ಟಿರುತ್ತದೆ. ಆರೋಗ್ಯವಂತ ಕಾಲಿನಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಿದ್ದಂತೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಒತ್ತಡ ಇಳಿಯದೆ ಗಂಟೆಗಟ್ಟಲೆ ಹಾಗೇ ಉಳಿದರೆ ರಕ್ತದ ನೀರಿನಂಶ ನಾಳದಿಂದ ಹೊರಕ್ಕೆ ಜಿನುಗಿ ಚರ್ಮದಡಿ ಸೇರಿಕೊಳ್ಳುತ್ತದೆ. ಸಾಕ್ಸ್‌ನ ಗೆರೆ ಅಲ್ಲೇ ಕಾಣುವುದು. ದಿನವಿಡೀ ಓಡಾಡುವ ಪೋಸ್ಟ್‌ಮ್ಯಾನ್‌ಗಿಂತ ಒಂದೇ ಕಡೆ ನಿಂತ ಕ್ಯಾಷಿಯರ್‌ನ ಕಾಲು ಹೆಚ್ಚು ಊದುವುದಕ್ಕೆ ಇದೇ ಕಾರಣ.

ಹಾಗಾಗಿ ಕೌಂಟರಿನಲ್ಲಿ ನಿಂತಲ್ಲೇ ಪಂಪನ್ನು ಓಡಿಸಬೇಕು. ಅದಕ್ಕೆ ಬೇಕಾದ ಬಿಡುವು ನಿಮ್ಮ ಕೆಲಸದೊಳಗೇ ಇದೆ. ಗಿರಾಕಿ ಫೋನ್ ತೆಗೆದು ಯುಪಿಐ ಪಿನ್ ಒತ್ತುವ ಹೊತ್ತು, ಬಿಲ್ ಪ್ರಿಂಟಾಗುವ ಹೊತ್ತು ಸೇರಿ ಹತ್ತಿಪ್ಪತ್ತು ಸೆಕೆಂಡು ಸಿಗುತ್ತದೆ. ಆಗ ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಮೆಲ್ಲಗೆ ಇಳಿಸಿ. ಒಂದು ಬಿಲ್ಲಿಗೆ ಐದಾರು ಸಲ ಸಾಕು. ಕೌಂಟರಿನ ಆಚೆಯವರಿಗೆ ಕಾಣುವುದೂ ಇಲ್ಲ. ಹಿಮ್ಮಡಿ ನೋವು ಜೋರಾಗಿರುವ ವಾರಗಳಲ್ಲಿ ಬಲಗಾಲಿಗೆ ತುಸು ಕಡಿಮೆ ಭಾರ ಹಾಕಿ, ಎಡಗಾಲಿಗೆ ಹೆಚ್ಚು ಕೆಲಸ ಕೊಡಿ. ಗಿರಾಕಿ ಇಲ್ಲದಾಗ ನಿಂತಲ್ಲೇ ನಡೆದಂತೆ ಒಂದೊಂದೇ ಹಿಮ್ಮಡಿ ಎತ್ತಿ. ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಿ ನಿಲ್ಲುವ ಅಭ್ಯಾಸವಿದ್ದರೆ ಬಿಡಿ. ಹಾಗೆ ನಿಂತಾಗ ಸ್ನಾಯುಗಳು ಕೆಲಸ ನಿಲ್ಲಿಸಿ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ.

ಎರಡನೆಯದು ಒಂದು ಮಣೆ. ಊಟಕ್ಕೆ ಕೂರುವ ಮರದ ಮಣೆಯಂಥದ್ದು, ಎತ್ತರ 10ರಿಂದ 15 ಸೆಂ.ಮೀ. ಇದ್ದರೆ ಸಾಕು. ಕೌಂಟರಿನ ಕೆಳಗೆ ಇಟ್ಟುಕೊಂಡು ಒಂದು ಪಾದ ಅದರ ಮೇಲೆ, ಇನ್ನೊಂದು ನೆಲದ ಮೇಲೆ; ಐದು ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ಸೊಂಟದ ಬಾಗು ಸಡಿಲವಾಗಿ ಬೆನ್ನಿಗೂ ಆರಾಮ. ಹಾಲಿನ ಕ್ರೇಟ್ ಇಟ್ಟುಕೊಳ್ಳಬೇಡಿ, ಅದು ತೀರಾ ಎತ್ತರ, ಒಂದು ಕಡೆ ಸೊಂಟ ಎತ್ತಿಕೊಂಡು ನಿಂತಂತಾಗುತ್ತದೆ. ನಿಲ್ಲುವ ಜಾಗ ಬರೀ ಟೈಲ್ಸ್ ಅಥವಾ ಗ್ರಾನೈಟ್ ಆಗಿದ್ದರೆ 12ರಿಂದ 20 ಮಿ.ಮೀ. ದಪ್ಪದ ರಬ್ಬರ್ ಮ್ಯಾಟ್ ಕೇಳಿ. ಹಾಸಿಗೆಯಂತೆ ಮೆತ್ತಗಿರುವ ಸ್ಪಂಜು ಬೇಡ, ಪಾದ ಹೂತು ಮೀನಖಂಡ ಬೇಗ ದಣಿಯುತ್ತದೆ. ಮ್ಯಾಟ್ ಸಿಗುವ ತನಕ ಸ್ಟೋರಿನಲ್ಲಿ ಬಿದ್ದಿರುವ ಗಟ್ಟಿ ರಟ್ಟಿನ ಪೆಟ್ಟಿಗೆ ಬಿಚ್ಚಿ ಮೂರ್ನಾಲ್ಕು ಪದರ ಹಾಸಿಕೊಳ್ಳಬಹುದು. ಆದರೆ ಅಂಚು ಎದ್ದು ಕಾಲಿಗೆ ತೊಡರದಂತೆ ಟೇಪ್ ಹಚ್ಚಿ, ಚಪ್ಪಟೆಯಾದ ಕೂಡಲೇ ಬದಲಿಸಿ.

ಹತ್ತು ಕಿಲೋ ಅಕ್ಕಿ ಚೀಲ, ಐದು ಲೀಟರ್ ಎಣ್ಣೆ ಕ್ಯಾನನ್ನು ಬೆಲ್ಟಿನ ಮೇಲಿಂದ ಎತ್ತಿ ತಿರುಗಿ ಇಡುವುದು ಪಾದಕ್ಕೂ ಬೆನ್ನಿಗೂ ಒಟ್ಟಿಗೆ ಹೊಡೆತ. ‘ಟ್ರಾಲಿಯಲ್ಲೇ ಇರಲಿ ಸರ್’ ಅಂದು ಹ್ಯಾಂಡ್ ಸ್ಕ್ಯಾನರನ್ನೇ ಅದರ ಹತ್ತಿರ ಒಯ್ಯಿರಿ.

ಊಟದ ಹೊತ್ತಿನಲ್ಲಿ ಊಟ ಮುಗಿಸಿ ಹತ್ತು ನಿಮಿಷ ಉಳಿದರೆ ಮೊಬೈಲ್ ಹಿಡಿದು ಸ್ಟೂಲಿನ ಮೇಲೆ ಕಾಲು ನೇತುಹಾಕಿ ಕೂರಬೇಡಿ. ಸ್ಟೋರ್ ರೂಮಿನಲ್ಲಿ ರಟ್ಟು ಹಾಸಿ ಬೆನ್ನು ಚಾಚಿ, ಕಾಲನ್ನು ಒಂದು ಪೆಟ್ಟಿಗೆಯ ಮೇಲೆ ಎತ್ತಿಡಿ. ಪಾದ ಎದೆಗಿಂತ ಮೇಲಿರಬೇಕು, ಅಲ್ಲಿಯೇ ಇರುವುದು ಗುಟ್ಟು. ರಾತ್ರಿ ಪಿ.ಜಿ.ಗೆ ಬಂದ ಮೇಲೆ ಗೋಡೆಗೆ ಕಾಲು ಚಾಚಿ ಹದಿನೈದು ನಿಮಿಷ ಮಲಗಿ, ಪಾದವನ್ನು ಹಿಂದೆ ಮುಂದೆ ಆಡಿಸುತ್ತಿರಿ. ತಣ್ಣೀರಿನಲ್ಲಿ ಕಾಲು ತೊಳೆಯುವುದು ಬಿಸಿನೀರಿಗಿಂತ ಒಳ್ಳೆಯದು.

ಊತ ಎಷ್ಟಿದೆ ಅಂತ ಅಳೆಯುವುದು ಸುಲಭ. ಕಣಕಾಲಿನ ಮೇಲೆ, ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಬಿದ್ದು ನಿಧಾನ ತುಂಬಿಕೊಂಡರೆ ಅದು ನೀರಿನ ಊತ. ಹಾಗೆಯೇ ಬೆಳಿಗ್ಗೆ ಏಳುತ್ತಿದ್ದಂತೆ ಒತ್ತಿ ನೋಡಿ. ರಾತ್ರಿಯಲ್ಲಿ ಪೂರ್ತಿ ಇಳಿದಿದ್ದರೆ ನಿಂತಿದ್ದರಿಂದ ಬಂದದ್ದು. ಬೆಳಿಗ್ಗೆಯೂ ಎರಡೂ ಕಾಲಿನಲ್ಲಿ ಗುಳಿ ಬೀಳುತ್ತಿದ್ದರೆ, ಮುಖವೂ ಉಬ್ಬಿದ್ದರೆ, ಮೂತ್ರದಲ್ಲಿ ನೊರೆ ಬರುತ್ತಿದ್ದರೆ ಶೂ ಬದಲಿಸಿ ಪ್ರಯೋಜನವಿಲ್ಲ. ಕಿಡ್ನಿ, ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಆಗಬೇಕು. ಇದೇ ತೊಂದರೆ ಇರುವ ನಿಮ್ಮ ಹಿರಿಯ ಸಹೋದ್ಯೋಗಿಗಳು ಬಿ.ಪಿ.ಗೆ ಆಮ್ಲೋಡಿಪಿನ್ ಮಾತ್ರೆ ನುಂಗುತ್ತಿದ್ದರೆ ಅದರಿಂದಲೂ ಕಣಕಾಲು ಊದುತ್ತದೆ. ಮಾತ್ರೆ ತಾವಾಗಿ ಬಿಡಬಾರದು, ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಬರೆಯುತ್ತಾರೆ. ದಿನಾ ನೋವಿನ ಮಾತ್ರೆ ನುಂಗುವ ಅಭ್ಯಾಸ ಇನ್ನೂ ಕೆಟ್ಟದ್ದು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದವು ಹೊಟ್ಟೆ ಸುಡುವುದಷ್ಟೇ ಅಲ್ಲ, ಮೈಯಲ್ಲಿ ಉಪ್ಪು-ನೀರು ಹಿಡಿದಿಟ್ಟು ಊತವನ್ನೂ ಹೆಚ್ಚಿಸುತ್ತವೆ.

ಒಂದೇ ಕಾಲು ಥಟ್ಟನೆ ಊದಿ, ಮೀನಖಂಡ ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮಾತ್ರ ಯಾವ ಮನೆಮದ್ದೂ ಬೇಡ, ಕಾಲು ತಿಕ್ಕಿಸಿಕೊಳ್ಳಲೂ ಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಸಂಭವ ಹೆಚ್ಚು. ಅದರ ಜತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಈಗ ಶೂ. ಈ ಉತ್ತರದಲ್ಲಿ ನೀವು ಹಣ ಹಾಕಬೇಕಾದ ಒಂದೇ ಒಂದು ವಸ್ತು ಇದ್ದರೆ ಅದು ಇದು, ಯಾಕೆಂದರೆ ಮೂರೂ ತೊಂದರೆಗೆ ಇದರ ಪಾಲಿದೆ. ಕಪ್ಪು ಶೂ ಕಡ್ಡಾಯ ಅಂದಾಗ ಹುಡುಗಿಯರು ಹೆಚ್ಚಾಗಿ ಕೊಳ್ಳುವುದು ‘ಬೆಲ್ಲಿ’. ಅಂದರೆ ತೆಳ್ಳನೆ ಅಟ್ಟೆ, ಮುಂದೆ ಕಿರಿದಾಗಿ, ಮೇಲೆ ಪಟ್ಟಿಯಿಲ್ಲದೆ ಕಾಲು ತೂರಿಸುವಂಥದ್ದು. ಅದು ಜಾರದಂತೆ ಹಿಡಿದಿಡಲು ಬೆರಳುಗಳು ದಿನವಿಡೀ ಮಡಚಿಕೊಂಡೇ ಇರುತ್ತವೆ. ನಮಗೆ ಅರಿವಾಗುವುದಿಲ್ಲ, ಆದರೆ ಅಂಗಾಲು ಹತ್ತು ಗಂಟೆ ಮುಷ್ಟಿ ಬಿಗಿದಂತೆ ದುಡಿಯುತ್ತದೆ. ಲೇಸ್ ಅಥವಾ ವೆಲ್ಕ್ರೋ ಪಟ್ಟಿ ಇರುವ ಶೂ ಬೇಕು. ದೊಡ್ಡವರ ಅಳತೆಯಲ್ಲಿ ಸಿಗುವ ಕಪ್ಪು ಸ್ಕೂಲ್ ಶೂ ಅಥವಾ ಪೂರ್ತಿ ಕಪ್ಪು ಬಣ್ಣದ ವಾಕಿಂಗ್ ಶೂ ಆದೀತು. ಯೂನಿಫಾರ್ಮಿಗೂ ತಕರಾರು ಬರುವುದಿಲ್ಲ.

ಸಂಜೆ ಹೊತ್ತು, ಡ್ಯೂಟಿ ಮುಗಿದ ಮೇಲೆ ಅಥವಾ ವಾರದ ರಜೆಯ ದಿನ ಓಡಾಡಿ ದಣಿದ ಮೇಲೆ ಕೊಳ್ಳಿ. ಬೆಳಿಗ್ಗೆ ಸರಿಯಾದ ಶೂ ಸಂಜೆಗೆ ಬಿಗಿಯಾಗುತ್ತದೆ. ದಿನಾ ಹಾಕುವ ಸಾಕ್ಸ್ ಒಯ್ದು ಎರಡೂ ಕಾಲಿಗೆ ಹಾಕಿ ಎದ್ದು ನಿಲ್ಲಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ., ಅಂದರೆ ಸುಮಾರು ಹೆಬ್ಬೆರಳ ಉಗುರಿನ ಅಗಲದಷ್ಟು ಜಾಗವಿರಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ನಂತರ ಶೂ ಕೈಗೆತ್ತಿಕೊಂಡು ಮೂರು ಕಡೆ ನೋಡಿ. ಹಿಮ್ಮಡಿಯನ್ನು ಸುತ್ತುವ ಹಿಂಭಾಗವನ್ನು ಹೆಬ್ಬೆರಳಿಂದ ಒತ್ತಿದರೆ ಕುಸಿಯಬಾರದು. ಮೂತಿಯನ್ನು ಮೇಲೆ ಬಾಗಿಸಿದಾಗ ಬೆರಳಿನ ಬುಡದಲ್ಲಿ ಮಡಚಬೇಕು, ನಡುವೆ ಮಡಚಿದರೆ ಬೇಡ. ಬಟ್ಟೆ ಹಿಂಡುವಂತೆ ತಿರುಚಿದರೆ ಸುಲಭವಾಗಿ ತಿರುಚಿಕೊಂಡರೂ ಬೇಡ. ಹಿಮ್ಮಡಿ ಎತ್ತರ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಇರಲಿ. ತೀರಾ ಚಪ್ಪಟೆ ಶೂ ಹಿಮ್ಮಡಿಯ ನರದಂಥ ಪಟ್ಟಿಯನ್ನು ಎಳೆಯುತ್ತದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಅಗ್ಗದ ಶೂ ಒಳಗಿನ ಫೋಮ್ ಹೊರಗಿನ ಅಟ್ಟೆ ಸವೆಯುವುದಕ್ಕೆ ಮೊದಲೇ ಸಾಯುತ್ತದೆ. ಒಳಸೋಲನ್ನು ಹೊರತೆಗೆದು ಹಿಮ್ಮಡಿಯ ಜಾಗವನ್ನು ಬೆರಳಿಂದ ಒತ್ತಿ, ಮತ್ತೆ ಉಬ್ಬದಿದ್ದರೆ ಒಳಸೋಲ್ ಮಾತ್ರ ಬದಲಿಸಿ. ಸಾಧ್ಯವಾದರೆ ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಎರಡು ಜೊತೆ ಒಟ್ಟಿಗೆ ಕೊಳ್ಳುವುದು ಕಷ್ಟವಾದರೆ ಹಳೆಯದಕ್ಕೆ ಹೊಸ ಒಳಸೋಲ್ ಹಾಕಿ ಎರಡನೆಯ ಜೊತೆ ಮಾಡಿಕೊಳ್ಳಿ.

ಹಿಮ್ಮಡಿ ನೋವಿಗೆ ಬರೋಣ. ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನುದ್ದಕ್ಕೆ ಒಂದು ಗಟ್ಟಿ ಪಟ್ಟಿ ಇದೆ, ಪ್ಲಾಂಟಾರ್ ಫೇಸಿಯಾ ಎನ್ನುತ್ತಾರೆ. ಬಿಲ್ಲಿನ ಹಗ್ಗದಂತೆ ಪಾದದ ಕಮಾನನ್ನು ಹಿಡಿದಿರುವುದು ಅದೇ. ದಿನವಿಡೀ ಭಾರ ಹೊತ್ತು ಅದು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ನವೆದುಹೋಗುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡು ಪಟ್ಟಿ ಗಿಡ್ಡವಾಗಿಯೇ ಇರುತ್ತದೆ. ಬೆಳಿಗ್ಗೆ ದಡಕ್ಕನೆ ನಿಂತಾಗ ಇಡೀ ಮೈಭಾರ ಅದನ್ನು ಒಮ್ಮೆಲೇ ಎಳೆಯುತ್ತದೆ. ಮೊದಲ ಹೆಜ್ಜೆಗೆ ಮೊಳೆ ಹೊಡೆದಂತಾಗಿ, ಹತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾಗಿ, ಮತ್ತೆ ರಾತ್ರಿಗೆ ಜೋರಾಗುವುದು ಇದರ ಗುರುತು. ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಅಂಥ ಮೂಳೆ ಮೊನೆ ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ. ಅದನ್ನು ಕೊಯ್ಯುವ ಅಗತ್ಯ ತೀರಾ ಅಪರೂಪ.

ಇದಕ್ಕೆ ಮದ್ದು ಆ ಮೊದಲ ಹೆಜ್ಜೆಗಿಂತ ಮುಂಚೆಯೇ ಶುರುವಾಗಬೇಕು. ಹಾಸಿಗೆಯ ಅಂಚಿನಲ್ಲಿ ಕೂತು ಬಲಗಾಲನ್ನು ಎಡ ತೊಡೆಯ ಮೇಲೆ ಹಾಕಿ. ಬೆರಳುಗಳ ಬುಡ ಹಿಡಿದು ಮುಂಗಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿಂದ ಅಂಗಾಲು ಮುಟ್ಟಿದರೆ ಪಟ್ಟಿ ತಂತಿಯಂತೆ ಬಿಗಿದದ್ದು ತಿಳಿಯಬೇಕು, ಆಗಲೇ ಎಳೆತ ಸರಿಯಾಗಿದೆ ಎಂದರ್ಥ. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ದಿನಕ್ಕೆ ಮೂರು ಬಾರಿ, ಅದರಲ್ಲಿ ಬೆಳಿಗ್ಗೆಯದು ತಪ್ಪಲೇಬಾರದು. ಆಮೇಲೆ ಬರಿಗಾಲನ್ನು ಟೈಲ್ಸ್ ಮೇಲೆ ಇಡದೆ ಹಾಸಿಗೆ ಪಕ್ಕದಲ್ಲೇ ಇಟ್ಟ ಎಂ.ಸಿ.ಆರ್. ಚಪ್ಪಲಿಗೆ ಕಾಲು ತೂರಿಸಿ. ಈ ಮೆತ್ತನೆ ರಬ್ಬರ್ ಚಪ್ಪಲಿ ಎಂ.ಸಿ.ಆರ್. ಹೆಸರಿನಲ್ಲೇ ಚಪ್ಪಲಿ ಅಂಗಡಿಯಲ್ಲೂ ದೊಡ್ಡ ಮೆಡಿಕಲ್‌ಗಳಲ್ಲೂ ಸಿಗುತ್ತದೆ. ಪಿ.ಜಿ.ಯ ಬಾತ್‌ರೂಮಿನವರೆಗೂ ಅದನ್ನೇ ಹಾಕಿ, ಒದ್ದೆಯಾದರೆ ಒರೆಸಿಡಿ.

ಮೀನಖಂಡ ಬಿಗಿಯಾಗಿದ್ದರೆ ಈ ಪಟ್ಟಿಯ ಮೇಲೆ ಎಳೆತ ಹೆಚ್ಚು. ಗೋಡೆಗೆ ಎರಡೂ ಕೈಯೂರಿ ಬಲಗಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದೆ, ಮಂಡಿ ನೇರವಾಗಿಟ್ಟು ಮುಂದಕ್ಕೆ ವಾಲಿ. 30 ಸೆಕೆಂಡು, ಮೂರು ಸಲ. ಅದನ್ನೇ ಮಂಡಿ ತುಸು ಬಗ್ಗಿಸಿ ಮತ್ತೆ ಮೂರು ಸಲ. ಎರಡು ವಾರದಲ್ಲಿ ಬೆಳಗಿನ ನೋವು ಸ್ವಲ್ಪ ತಗ್ಗಿದ ಮೇಲೆ ಬಲ ಬರಿಸುವ ವ್ಯಾಯಾಮ ಸೇರಿಸಿ. ಮೆಟ್ಟಿಲ ಅಂಚಿನಲ್ಲಿ, ಬೆರಳುಗಳ ಕೆಳಗೆ ಸುತ್ತಿದ ಟವಲ್ ಇಟ್ಟು ನಿಂತು, ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುತ್ತ ಅಲ್ಲೇ ನಿಲ್ಲಿ, ಮೂರು ಎಣಿಸುತ್ತ ಇಳಿಸಿ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಗಾಲಲ್ಲಿ. ಇದನ್ನು ಬಿಟ್ಟು ಬರೀ ಎಳೆತ ಮಾಡಿದವರಿಗೆ ನೋವು ಹೋದಂತಾಗಿ, ಹಬ್ಬದ ಸೀಸನ್ನಿನ ಓವರ್‌ಟೈಮ್ ಬಂದ ಕೂಡಲೇ ಮರಳುತ್ತದೆ.

ಸಿಲಿಕೋನ್ ಹೀಲ್ ಪ್ಯಾಡ್ ಹಾಕುವುದಾದರೆ ಎರಡೂ ಶೂಗೆ ಹಾಕಿ. ನೋವಿರುವ ಕಾಲಿಗೆ ಮಾತ್ರ ಹಾಕಿದರೆ ಕಾಲುಗಳ ಎತ್ತರ ಏರುಪೇರಾಗಿ ಸೊಂಟ ಹಿಡಿಯುತ್ತದೆ. ಪಿ.ಜಿ.ಯ ಫ್ರಿಜ್‌ನಲ್ಲಿ ಜಾಗವಿದ್ದರೆ ಅರ್ಧ ಲೀಟರ್ ಬಾಟಲಿಗೆ ಮುಕ್ಕಾಲು ನೀರು ತುಂಬಿ ಐಸ್ ಮಾಡಿ, ತೆಳ್ಳನೆ ಬಟ್ಟೆ ಸುತ್ತಿ, ರಾತ್ರಿ ಐದರಿಂದ ಹತ್ತು ನಿಮಿಷ ಅಂಗಾಲಿನ ಕೆಳಗೆ ಉರುಳಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಐಸೂ ಬೇಡ, ಬಿಸಿಯೂ ಬೇಡ, ಸುಟ್ಟದ್ದೇ ಗೊತ್ತಾಗುವುದಿಲ್ಲ. ಹಿಮ್ಮಡಿ ನೋವು ವಾರದಲ್ಲಿ ಹೋಗುವಂಥದ್ದಲ್ಲ. ಆರರಿಂದ ಹನ್ನೆರಡು ವಾರ ಬಿಡದೆ ಮಾಡಿದರೆ ಬೆಳಗಿನ ಆ ಹೆಜ್ಜೆ ಹಗುರಾಗುತ್ತದೆ, ಪೂರ್ತಿ ಮಾಯಲು ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮೂರನೇ ವಾರಕ್ಕೇ ಇಂಜೆಕ್ಷನ್ ಕೇಳಬೇಡಿ. ಪದೇಪದೇ ಸ್ಟೆರಾಯ್ಡ್ ಚುಚ್ಚಿಸಿಕೊಂಡರೆ ಆ ಪಟ್ಟಿಯೇ ಹರಿಯುವ ಅಪಾಯವಿದೆ.

ಇನ್ನು ನೀವು ನಾಚಿಕೊಂಡು ಬರೆದ ತುರಿಕೆ ಮತ್ತು ವಾಸನೆ. ಇದರಲ್ಲಿ ನಾಚುವಂಥದ್ದೇನೂ ಇಲ್ಲ, ಹತ್ತು ಗಂಟೆ ಶೂ ಬಿಚ್ಚದವರಿಗೆಲ್ಲ ಬರುವ ತೊಂದರೆ ಇದು. ಹೆಚ್ಚಾಗಿ ನಾಲ್ಕು ಮತ್ತು ಐದನೇ ಬೆರಳ ನಡುವೆಯೇ ಶುರುವಾಗುತ್ತದೆ, ಯಾಕೆಂದರೆ ಅಲ್ಲಿ ಬೆರಳುಗಳು ಒತ್ತೊತ್ತಾಗಿದ್ದು ಗಾಳಿಯಾಡುವುದಿಲ್ಲ. ಬೆರಳು ಅಗಲಿಸಿ ನೋಡಿದರೆ ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗೆ ಮೆತ್ತಗಾಗಿ, ಸಿಪ್ಪೆ ಸುಲಿದು, ಕೆಳಗೆ ಸಣ್ಣ ಸೀಳು ಕಾಣುತ್ತದೆ. ಇದು ಹುಳುಕಡ್ಡಿ ಜಾತಿಯ ಶಿಲೀಂಧ್ರದ ಸೋಂಕು.

ನಿಮ್ಮ ಟ್ಯೂಬ್ ಈಗಲೇ ತೆಗೆದು ಹಿಂಬದಿಯ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೆರಾಯ್ಡ್ ಬೆರೆಸಿದ ಮುಲಾಮು. ಸ್ಟೆರಾಯ್ಡ್ ಎರಡೇ ದಿನದಲ್ಲಿ ತುರಿಕೆ ಅಡಗಿಸುತ್ತದೆ. ಆದರೆ ಚರ್ಮದ ರಕ್ಷಣೆಯನ್ನೂ ಕುಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಏಳುತ್ತದೆ. ‘ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ’ ಅಂತ ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಂಥ ಟ್ಯೂಬುಗಳನ್ನು ಚೀಟಿ ಇಲ್ಲದೆ ಕೈಗೆ ಕೊಡುವ ಪದ್ಧತಿಯಿಂದ ನಮ್ಮ ಊರುಗಳಲ್ಲಿ ಹುಳುಕಡ್ಡಿ ಹಟಮಾರಿಯಾಗಿದೆ, ಇದು ನಿಜಕ್ಕೂ ಬೇಸರದ ವಿಷಯ. ಕ್ಲೋಟ್ರಿಮಜೋಲ್ 1% ಮಾತ್ರ ಇರುವ ಮುಲಾಮು ಕೇಳಿ ತನ್ನಿ. ಬೆಳಿಗ್ಗೆ ರಾತ್ರಿ ಎರಡು ಹೊತ್ತು, ಕಾಲು ತೊಳೆದು ಬೆರಳ ಸಂದಿ ಪೂರ್ತಿ ಒಣಗಿಸಿ, ತುರಿಕೆಯ ಜಾಗ ಮತ್ತು ಅದರ ಸುತ್ತ ಎರಡು ಸೆಂ.ಮೀ.ವರೆಗೆ ತೆಳ್ಳಗೆ ಹಚ್ಚಿ. ನಾಲ್ಕು ವಾರ. ಒಂದೇ ವಾರಕ್ಕೆ ತುರಿಕೆ ನಿಲ್ಲುತ್ತದೆ, ಎಲ್ಲರೂ ಮುಲಾಮು ನಿಲ್ಲಿಸುವುದು ಆಗಲೇ. ಕಣ್ಣಿಗೆ ಕಾಣದ ಬೇರು ಉಳಿದಿರುತ್ತದೆ, ಹಾಗಾಗಿ ನಿಲ್ಲಿಸಬೇಡಿ. ನಾಲ್ಕು ವಾರಕ್ಕೂ ಬಗ್ಗದಿದ್ದರೆ ಅಥವಾ ಉಗುರು ಹಳದಿಯಾಗಿ ದಪ್ಪವಾಗಿದ್ದರೆ ಚರ್ಮರೋಗ ವೈದ್ಯರೇ ನೋಡಬೇಕು.

ಸಾಕ್ಸ್ ದಿನಕ್ಕೆ ಎರಡು ಜೊತೆ ಬೇಕು. ಊಟದ ಹೊತ್ತಿಗೆ ಒಂದು ಬದಲಿಸಿ ಹಸಿಯದನ್ನು ಕವರಿಗೆ ಹಾಕಿಡಿ. ಪೂರ್ತಿ ನೈಲಾನ್ ಬೆವರು ಹೀರುವುದಿಲ್ಲ, ಪೂರ್ತಿ ಹತ್ತಿ ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹತ್ತಿ ಹೆಚ್ಚಿದ್ದು ಸ್ವಲ್ಪ ಸಿಂಥೆಟಿಕ್ ಬೆರೆತದ್ದು ಒಳ್ಳೆಯದು. ಒಳಮಗ್ಗುಲು ಹೊರಗೆ ಮಾಡಿ ತೊಳೆದು ಬಿಸಿಲಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹಾಗೆಯೇ ಇಸ್ತ್ರಿ ಹೊಡೆಯಿರಿ. ಶೂ ಬಿಚ್ಚಿದ ಕೂಡಲೇ ಒಳಸೋಲ್ ಹೊರತೆಗೆದು, ಒಳಗೆ ನ್ಯೂಸ್ ಪೇಪರ್ ಉಂಡೆ ತುರುಕಿ. ಒಂದು ಗಂಟೆಯ ಮೇಲೆ ಆ ಪೇಪರ್ ತೆಗೆದು ಒಣ ಪೇಪರ್ ಹಾಕಿ, ಫ್ಯಾನ್ ಗಾಳಿ ಬೀಳುವ ಕಡೆ ಇಡಿ. ಮಂಚದ ಕೆಳಗೆ, ಮುಚ್ಚಿದ ಶೂ ರ‍್ಯಾಕ್‌ನಲ್ಲಿ ಇಟ್ಟರೆ ಬೆಳಿಗ್ಗೆಯೂ ಹಸಿಯಾಗಿಯೇ ಇರುತ್ತದೆ. ವಾಸನೆ ಬರುವುದು ಬೆವರಿನಿಂದಲ್ಲ, ಬೆವರು ತಿಂದು ಬೆಳೆಯುವ ಬ್ಯಾಕ್ಟೀರಿಯಾದಿಂದ. ಒಣಗಿದ ಶೂನಲ್ಲಿ ಅವಕ್ಕೆ ಬದುಕಿಲ್ಲ. ಮೇಲೆ ಸೆಂಟ್ ಸಿಂಪಡಿಸಿದರೆ ವಾಸನೆ ಎರಡಾಗುತ್ತದೆ ಅಷ್ಟೆ. ಪೌಡರ್ ಸಾಕ್ಸ್ ಒಳಗೆ ಉದುರಿಸಿ, ಬೆರಳ ಸಂದಿಗೆ ತುಂಬಬೇಡಿ, ಉಂಡೆ ಕಟ್ಟಿ ಉಜ್ಜುತ್ತದೆ. ರೂಮಿನವರ ಜತೆ ಟವಲ್, ಚಪ್ಪಲಿ ಹಂಚಿಕೊಳ್ಳಬೇಡಿ. ಕಾಲು ಒರೆಸಲು ಬೇರೆಯೇ ಒಂದು ಚಿಕ್ಕ ಬಟ್ಟೆ ಇರಲಿ.

ಒಂದು ಮಾತು ನೀವು ಬರೆದಿಲ್ಲ, ಆದರೆ ಕೌಂಟರಿನ ಕೆಲಸದಲ್ಲಿರುವ ಹೆಣ್ಣುಮಕ್ಕಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಕೇಳದೆಯೂ ಹೇಳಬೇಕು. ಟಾಯ್ಲೆಟ್‌ಗೆ ಹೋಗಲು ಬಿಡುವಿಲ್ಲ ಅಂತ ನೀರು ಕುಡಿಯದೆ ಇರುವುದು. ನೀರು ಕುಡಿದರೆ ಕಾಲು ಊದುತ್ತದೆ ಎಂಬುದು ತಪ್ಪು. ಕುಡಿಯದಿದ್ದರೆ, ಬಂದದ್ದನ್ನು ತಡೆಹಿಡಿದರೆ ಮೂತ್ರದ ಸೋಂಕು ಖಂಡಿತ ಹತ್ತಿರವಾಗುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿಯಿರಿ, ಮೂರ್ನಾಲ್ಕು ಗಂಟೆಗೊಮ್ಮೆ ಹೋಗಿಬನ್ನಿ. ಪಕ್ಕದ ಕೌಂಟರಿನವರ ಜತೆ ಐದು ನಿಮಿಷದ ಪಾಳಿ ಮಾತಾಡಿಕೊಳ್ಳಿ. ಆ ನಡಿಗೆ ಮೀನಖಂಡದ ಪಂಪಿಗೂ ಬೇಕು.

ಕುರ್ಚಿಯ ಪ್ರಶ್ನೆ ನಿಮ್ಮೊಬ್ಬರದಲ್ಲ. ಕೇರಳದ ಕೋಯಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಮೊದಲು ಟಾಯ್ಲೆಟ್‌ಗಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿ ಆಸನ ಕಡ್ಡಾಯ ಮಾಡಿತು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. 1948ರ ಕಾರ್ಖಾನೆ ಕಾಯ್ದೆಯಲ್ಲೂ ನಿಂತು ದುಡಿಯುವವರಿಗೆ ಆಸನ ಇಡಬೇಕೆಂದಿತ್ತು, ಆದರೆ ಅದು ಫ್ಯಾಕ್ಟರಿಗಿತ್ತು, ಅಂಗಡಿಗಲ್ಲ. ಯುರೋಪಿನ ಬಹಳಷ್ಟು ಸೂಪರ್ ಮಾರ್ಕೆಟ್‌ಗಳಲ್ಲಿ ಕ್ಯಾಷಿಯರ್ ಕೂತೇ ಬಿಲ್ ಮಾಡುತ್ತಾರೆ, ಕೂತರೆ ಗಿರಾಕಿಗೆ ಅಗೌರವ ಎಂಬ ಮಾತಿಗೆ ಅರ್ಥವಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸತತ ಐದು ಗಂಟೆ ಕೆಲಸದ ಮೇಲೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕೆಂದು ಬರೆದಿದೆ, ವಾರಕ್ಕೊಂದು ರಜೆಯನ್ನೂ ಹೇಳಿದೆ. ನಿಮಗೆ ಸಿಗುತ್ತಿರುವುದು ಅರ್ಧ ಗಂಟೆ. ಒಬ್ಬರೇ ಹೋಗಿ ಕೇಳುವುದಕ್ಕಿಂತ ನಾಲ್ಕು ಕೌಂಟರಿನವರು ಸೇರಿ ಒಂದು ನಿರ್ದಿಷ್ಟ ವಸ್ತು ಕೇಳಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಮೂರರಿಂದ ಐದರ ನಡುವೆ ಬಳಸಲು, ಕೌಂಟರಿನ ಎತ್ತರಕ್ಕೆ ಸರಿಹೊಂದುವ ಒಂದು ಎತ್ತರದ ಸ್ಟೂಲ್, ಕಾಲಿಡಲು ಅಡ್ಡಪಟ್ಟಿ ಇರುವಂಥದ್ದು. ಇಷ್ಟನ್ನು ಕೇಳಿದರೆ ಮ್ಯಾನೇಜರ್‌ಗೆ ‘ನೋಡೋಣ’ ಅನ್ನುವುದಕ್ಕಿಂತ ‘ಆಯ್ತು’ ಅನ್ನುವುದು ಸುಲಭ.

ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು ಅಂಗಡಿಯಲ್ಲಿ ಹತ್ತು ಅಥವಾ ಹೆಚ್ಚು ಜನ ಇದ್ದರೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇರಬೇಕು. ಪೇ ಸ್ಲಿಪ್ ನೋಡಿ: ನಿಮ್ಮ ಪಾಲು 0.75%, ಅಂದರೆ 16,000ಕ್ಕೆ 120 ರೂಪಾಯಿ. ಮಾಲೀಕರ ಪಾಲು 3.25%, 520 ರೂಪಾಯಿ. 120 ರೂಪಾಯಿ ಕಡಿತವಾಗುತ್ತಿದ್ದರೆ ನಿಮ್ಮ ಹೆಸರಿನಲ್ಲಿ ವಿಮಾ ಸಂಖ್ಯೆ ಇದ್ದೇ ಇರುತ್ತದೆ, ಎಚ್.ಆರ್.ನಲ್ಲಿ ಕೇಳಿ ಪಡೆಯಿರಿ. ಮೊದಲು ನಿಮ್ಮ ಏರಿಯಾದ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿ. ಅಲ್ಲಿಂದ ಅಗತ್ಯವಿದ್ದರೆ ರಾಜಾಜಿನಗರ, ಇಂದಿರಾನಗರ ಅಥವಾ ಪೀಣ್ಯದ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಫಿಸಿಯೋಥೆರಪಿಗೆ ಖಾಸಗಿಯಲ್ಲಿ ದುಡ್ಡು ಸುರಿಯುವ ಮೊದಲು ಈ ಬಾಗಿಲು ತಟ್ಟಿ.

ಕೊನೆಗೆ ಅಮ್ಮನ ಮಾತು. ಉಬ್ಬಿದ ನರ, ಅಂದರೆ ವೆರಿಕೋಸ್ ವೇನ್ಸ್, ವಂಶದಲ್ಲಿ ಬರುತ್ತದೆ ಎಂಬುದು ನಿಜ. ತಾಯಿಗಿದ್ದರೆ ಮಗಳಿಗೆ ಸಂಭವ ಹೆಚ್ಚು, ನಿಂತು ಮಾಡುವ ಕೆಲಸ ಅದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ಹಾಗಾಗಿ ನೀವು ಈಗಲೇ ಕಂಪ್ರೆಶನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದ ಸಾಕ್ಸ್ ಹಾಕಲು ಶುರು ಮಾಡುವುದು ಸರಿ ಎಂದು ನನ್ನ ಅಭಿಪ್ರಾಯ. ಮಂಡಿಯ ಕೆಳಗಿನವರೆಗೆ ಬರುವಂಥದ್ದು, 15ರಿಂದ 20 ಮಿ.ಮೀ. ಪಾದರಸ ಒತ್ತಡದ್ದು ಸಾಕು. ಅದಕ್ಕಿಂತ ಬಿಗಿಯಾದದ್ದು ವೈದ್ಯರು ಬರೆದರೆ ಮಾತ್ರ. ಎಸ್, ಎಂ, ಎಲ್ ನೋಡಿ ಕೊಳ್ಳಬೇಡಿ. ಬೆಳಿಗ್ಗೆ ಊತವಿಲ್ಲದಾಗ ಟೇಪ್ ಹಿಡಿದು ಕಣಕಾಲಿನ ಗಂಟಿನ ಮೇಲೆ ಅತಿ ಸಣ್ಣ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ನೆಲದಿಂದ ಮಂಡಿ ಹಿಂಭಾಗದ ಮಡಿಕೆಯವರೆಗಿನ ಎತ್ತರ, ಈ ಮೂರು ಬರೆದುಕೊಂಡು ಹೋಗಿ. ಸ್ನಾನ ಮಾಡಿ ಹತ್ತು ನಿಮಿಷ ಕಾಲೆತ್ತಿ ಮಲಗಿ, ಒಣಗಿದ ಕಾಲಿಗೆ ಏರಿಸಿ. ಹಿಮ್ಮಡಿಯ ತನಕ ಒಳಮಗ್ಗುಲು ತಿರುವಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಮೇಲಿನ ಅಂಚನ್ನು ಎಂದೂ ಮಡಚಬೇಡಿ, ಮಡಚಿದ ಕಡೆ ಒತ್ತಡ ಇಮ್ಮಡಿಯಾಗಿ ದಾರ ಕಟ್ಟಿದಂತಾಗುತ್ತದೆ. ರಾತ್ರಿ ತೆಗೆದು, ತಣ್ಣೀರಿನಲ್ಲಿ ತೊಳೆದು, ಹಿಂಡದೆ ನೆರಳಲ್ಲಿ ಒಣಗಿಸಿ. ಆರು ತಿಂಗಳಿಗೆ ಅದರ ಬಿಗಿ ಹೋಗಿರುತ್ತದೆ, ಹೊಸದು ಬೇಕು. ಬೆರಳ ಸಂದಿಯ ತುರಿಕೆ ವಾಸಿಯಾಗುವ ತನಕ ಬೆರಳು ತೆರೆದಿರುವ ಬಗೆಯದನ್ನೇ ತೆಗೆದುಕೊಂಡು ಮೇಲೊಂದು ಸಾಕ್ಸ್ ಹಾಕಿ.

ಅಮ್ಮನಿಗೆ ತಂದುಕೊಡುವ ಮೊದಲು ಮಾತ್ರ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿದಿದ್ದರೆ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು ನಿಲ್ಲುವಂತಾಗುತ್ತಿದ್ದರೆ, ಸ್ಟಾಕಿಂಗ್ಸ್ ಹಾನಿ ಮಾಡಬಹುದು. ಅವರ ಕಣಕಾಲಿನ ಒಳಮಗ್ಗುಲಲ್ಲಿ ಚರ್ಮ ಕಂದುಗಪ್ಪಾಗಿ ಗಟ್ಟಿಯಾಗಿದೆಯೇ, ತುರಿಕೆ ಇದೆಯೇ, ಗಾಯವಾಗಿ ಮಾಯದೆ ಉಳಿದಿದೆಯೇ ಅಂತ ಮುಂದಿನ ಸಲ ಊರಿಗೆ ಹೋದಾಗ ನೋಡಿ. ಇದ್ದರೆ ಅವರಿಗೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು, ತಡ ಮಾಡುವ ಹಾಗಿಲ್ಲ. ನಿಮ್ಮ ಕಾಲಲ್ಲಿ ಈಗ ನರ ಉಬ್ಬಿದ್ದು ಕಾಣದಿದ್ದರೆ, ಬೆಳಿಗ್ಗೆ ಊತ ಪೂರ್ತಿ ಇಳಿಯುತ್ತಿದ್ದರೆ, ಕಾಲಿನ ಕಾರಣಕ್ಕೆ ಕೆಲಸ ಬಿಡಬೇಕಾಗಿಲ್ಲ ಅಂತ ಅಮ್ಮನಿಗೆ ಧೈರ್ಯವಾಗಿ ಹೇಳಿ.